ಗ್ಯಾಸೋ ಬರೀ ಗಾಳಿಯೋ

ನನ್ನ ಸೊಸೆ ರತ್ನ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. "ಅತ್ತೆ, ತಲೆ ಸಿಡಿದೋಯ್ತು" ಎಂದಳು.

ಬಿದ್ದಳು.

ಪಿತ್ತ ಅಂದುಕೊಂಡೆ. ಮುಖಕ್ಕೆ ನೀರು ಹಾಕಿದೆ. ವಾಂತಿ ಮಾಡಿಕೊಂಡಳು, ಕಣ್ಣು ಬಿಡಲಿಲ್ಲ. ಶಿರಾ ಆಸ್ಪತ್ರೆಯವರು ತುಮಕೂರಿಗೆ ಕಳಿಸಿದರು, ತುಮಕೂರಿನವರು ಸ್ಕ್ಯಾನ್ ಮಾಡಿ ಬೆಂಗಳೂರಿಗೆ ಕಳಿಸಿದರು. ಮಿದುಳಿನಲ್ಲಿ ರಕ್ತನಾಳ ಒಡೆದಿದೆ, ಬ್ರೇನ್ ಹೆಮರೇಜ್ ಎಂದರು. ಮಗ ಈರಣ್ಣ ಪಾವಗಡದ ಕಡೆ, ಕ್ಯಾತಗಾನಚೆರ್ಲು ಹತ್ತಿರ ಕುರಿ ಮೇಯಿಸುತ್ತಿದ್ದ. ಅವನು ಬಂದು ಮುಟ್ಟುವಷ್ಟರಲ್ಲಿ ಆಪರೇಷನ್ ಮಾಡಿ, ಒಡೆದ ಜಾಗಕ್ಕೆ ಕ್ಲಿಪ್ ಹಾಕಿದ್ದರು. ಕಾಗದಕ್ಕೆ ನಾನೇ ಸಹಿ ಹಾಕಿದ್ದೆ. ನಾಲ್ಕನೇ ಕ್ಲಾಸಿನ ಸಹಿ.

ಗಂಡಾಂತರ ಕಳೆಯಿತು ಎಂದುಕೊಂಡೆ. ಕಳೆದಿರಲಿಲ್ಲ. ಇನ್ನೆರಡು ವಾರ ಅಪಾಯವಿದೆ, ಒಳಗೆ ಹರಡಿದ ರಕ್ತದಿಂದ ಚೆನ್ನಾಗಿರುವ ನಾಳಗಳೂ ಮುದುಡಿಕೊಂಡು ಮಾತೋ ಕೈಕಾಲೋ ಹೋಗಬಹುದು ಎಂದರು ಡಾಕ್ಟರಮ್ಮ. ಅದನ್ನು ತಡೆಯಲು ಉಸಿರಿನ ಜೊತೆ ಒಂದು ಗ್ಯಾಸ್ ಕೊಟ್ಟು ನೋಡುವ ಸ್ಟಡಿ ನಡೆಯುತ್ತಿದೆಯಂತೆ. ಮಾಮೂಲಿ ಔಷಧ ಎಲ್ಲರಿಗೂ ಉಂಟು. ಅದರ ಮೇಲೆ ಕೆಲವರಿಗೆ ಗ್ಯಾಸ್, ಕೆಲವರಿಗೆ ಬರೀ ಗಾಳಿ. ಯಾರಿಗೆ ಯಾವುದೆಂದು ಕಂಪ್ಯೂಟರ್ ಆರಿಸುತ್ತದೆ.

"ಇವ್ಳಿಗೆ ಯಾವ್ದು?" ಎಂದೆ.

"ನಮಗೂ ಗೊತ್ತಿರಲ್ಲ ಅಜ್ಜಿ. ಗೊತ್ತಾದ್ರೆ ವಾಸಿಯಾಗದೇ ಇದ್ರೂ ವಾಸಿಯಾದಂಗೆ ಕಾಣ್ಸುತ್ತೆ."

"ಏನ್ ಕೊಡ್ತೀವಿ ಅಂತ ಗೊತ್ತಿಲ್ದೆ ಕೊಡೋಕೆ ಇಷ್ಟೊಂದು ಓದ್ಬೇಕೇನಮ್ಮ?"

ಅವರು ನಕ್ಕರು. ಇಷ್ಟವಿಲ್ಲದಿದ್ದರೆ ಬೇಡ, ಚಿಕಿತ್ಸೆ ನಿಲ್ಲುವುದಿಲ್ಲ ಎಂದರು. ಈರಣ್ಣ ಪೆನ್ನು ಹಿಡಿದು ನನ್ನ ಮುಖ ನೋಡಿದ.

"ಏನ್ ಮಾಡ್ಲವ್ವ, ಹಾಕ್ಬುಡ್ಲಾ?"

"ಕಟ್ಕೊಂಡೋನು ನೀನು. ನನ್ನ ಯಾಕ್ಲಾ ಕೇಳ್ತೀಯ?"

ಆಮೇಲೆ ನಾನೇ ಹಾಕು ಎಂದೆ. ಯಾಕೆ ಎಂದೆನೋ ಇವತ್ತಿಗೂ ತಿಳಿಯದು.

ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿದರು. ವಾಸನೆಯಿಲ್ಲ, ಬಣ್ಣವಿಲ್ಲ. ಸಿಲಿಂಡರಿಗೂ ಬಟ್ಟೆ ಮುಚ್ಚಿದ್ದರು. ನನಗೆ ಕಣ್ಣಿಗೆ ಕಾಣುವ ಮದ್ದು ಬೇಕಿತ್ತು. ನಮ್ಮ ಮನೆಯಲ್ಲಿ ಮನುಷ್ಯರಾಗಲಿ ಕುರಿಯಾಗಲಿ ಕಾಯಿಲೆ ಬಿದ್ದು ಮಲಗಿದರೆ ಬೀರಪ್ಪನ ಗುಡಿಯ ಭಂಡಾರವನ್ನು, ಆ ಅರಿಶಿನದ ಪುಡಿಯನ್ನು, ಹಣೆಗೆ ಹಚ್ಚಿ ಒಂದು ಚಿಟಿಕೆ ನಾಲಿಗೆಗೆ ಹಾಕುತ್ತೇವೆ. ಈರಣ್ಣನ ಸೊಂಟದಲ್ಲಿ ಅದರ ಚೀಲ ಯಾವಾಗಲೂ ಇರುತ್ತದೆ. ಮೂರನೆಯ ದಿನ ನನ್ನನ್ನು ಐಸಿಯು ಒಳಗೆ ಬಿಟ್ಟಾಗ ಮಾಸ್ಕ್ ಎತ್ತಿ ಚಿಟಿಕೆ ಹಾಕಿದೆ. ಅರ್ಧ ಪುಡಿ ಮಾಸ್ಕಿನೊಳಗೇ ಬಿತ್ತು. ರತ್ನ ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ.

ಮೆಷಿನ್ ಕೂಗಿಕೊಂಡಿತು.

ನರ್ಸ್ ಓಡಿಬಂದು ನನ್ನನ್ನು ಪಕ್ಕಕ್ಕೆ ತಳ್ಳಿದಳು. "ನುಂಗಕ್ಕಾಗ್ದೇ ಇರೋರ ಬಾಯಿಗೆ ಪುಡಿ ಹಾಕ್ತಾರಾ ಅಜ್ಜಿ? ಉಸಿರು ಕಟ್ಟಿದ್ರೆ?" ಬಾಯಿ ಒರೆಸಿದಳು, ಬೇರೆ ಮಾಸ್ಕ್ ಹಾಕಿದಳು, ಮಾಸ್ಕ್ ಇಲ್ಲದೆ ಎಷ್ಟು ನಿಮಿಷ ಹೋಯಿತು ಎಂದು ಬರೆದುಕೊಂಡಳು. ಅವಳು ಬೈದದ್ದು ಸರಿ.

ಮರುದಿನ ರತ್ನ ಕಣ್ಣು ಬಿಟ್ಟು ಒಂದೆರಡು ಮಾತಾಡಿದಳು. ಎರಡು ದಿನ ಕಳೆದ ಮೇಲೆ ಬಲಗೈ ಏಳಲಿಲ್ಲ. ಮಾತು ತೊದಲಿತು. ನಾನು ಡಾಕ್ಟರಮ್ಮನನ್ನು ಅಡ್ಡಗಟ್ಟಿದೆ.

"ನನ್ನಿಂದ ಕೆಡ್ತಾ?"

"ಇಲ್ಲ ಅನ್ಸುತ್ತೆ ಅಜ್ಜಿ. ಹೇಳಿದ್ದೆನಲ್ಲ, ನಾಳ ಮುದುಡಿವೆ."

"ಅನ್ಸುತ್ತೆ ಅನ್ನೋದು ಬುಟ್ಟು ಬೇರೆ ಮಾತೇ ಬರಲ್ವಾ ನಿಮ್ಗೆ?"

"ನಿಮ್ಗೆ ಸುಳ್ಳು ಹೇಳಲ್ಲ" ಎಂದರು. ಔಷಧ ಹೆಚ್ಚಿಸಿದರು. ಅದಾದ ನಾಲ್ಕನೆಯ ದಿನ ಬೆರಳು ಆಡಿತು. ತಿಂಗಳ ಮೇಲೆ ಊರಿಗೆ ಕರೆತಂದೆವು.

ಗ್ಯಾಸ್ ಸಿಕ್ಕಿದ್ದರೆ ಕೈ ಯಾಕೆ ಬಿತ್ತು? ಬರೀ ಗಾಳಿಯಾದರೆ ಮತ್ತೆ ಹೇಗೆ ಎದ್ದಿತು? ನಾನು ಚಿಟಿಕೆ ಹಾಕಿದ್ದಕ್ಕೆ ಬಿತ್ತೋ, ಎದ್ದಿತೋ? ಒಬ್ಬರನ್ನು ನೋಡಿ ಹೇಳಲಾಗದು, ಬಹಳ ಜನರನ್ನು ನೋಡಿದ ಮೇಲೆ ತಿಳಿಯುತ್ತದೆ ಎಂದಿದ್ದರು ಡಾಕ್ಟರಮ್ಮ. ನನಗಿರುವುದು ಒಬ್ಬಳೇ ಸೊಸೆ.

ಮೊನ್ನೆ ಆಸ್ಪತ್ರೆಯಿಂದ ಡಾಕ್ಟರಮ್ಮನೇ ಫೋನ್ ಮಾಡಿದರು. ಸ್ನಾನ ತಾನೇ ಮಾಡುತ್ತಾಳಾ, ಜಡೆ ಹಾಕಿಕೊಳ್ಳುತ್ತಾಳಾ, ಹೆಸರುಗಳು ನೆನಪಿವೆಯಾ ಎಂದು ಕೇಳಿದರು. ಜಡೆ ನಾನು ಹಾಕುತ್ತೇನೆ ಎಂದೆ. ಬಿಂದಿಗೆಗೆ ಒಂದೊಂದು ಸಲ ಮೇಕೆ ಎನ್ನುತ್ತಾಳೆ ಎಂದೆ.

"ಮೊದಲಿನ ಥರಾನೇ ಇದಾರಾ ಅಜ್ಜಿ?"

"ಇಲ್ಲ ಕಣಮ್ಮ. ಮೊದ್ಲು ನಾನ್ ಬೈದ್ರೆ ತಲೆ ಬಗ್ಗಿಸ್ಕೊಂಡು ಹೋಗೋಳು. ಈಗ ಮಾತು ಹುಡುಕ್ಕೊಂಡು ಹುಡುಕ್ಕೊಂಡು ತಿರುಗಿ ಬೈತಾಳೆ."

"ಅದನ್ನ ಏನಂತ ಬರ್ಕೊಳ್ಲಿ?"

"ಏನಾದ್ರೂ ಬರ್ಕಳಮ್ಮ. ಬೈಸ್ಕಳಕ್ಕೆ ನಂಗೇನೂ ಬೇಜಾರಿಲ್ಲ."