ಕೂತು ಮಾಡುವ ಕೆಲಸ

ಒಲೆಯಕ್ಕ ಹಾಕಿದ ಒಲೆ ಬಿರುಕು ಬಿಡುವುದಿಲ್ಲ ಎಂಬ ಮಾತು ಆ ಬೀದಿಯಲ್ಲಿ ಮೂವತ್ತು ವರ್ಷಗಳಿಂದ ಓಡಾಡುತ್ತಿತ್ತು. ಅದನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳಿದವಳು ಒಲೆಯಕ್ಕನೇ ಎಂಬುದು ನಿಜವಾದರೂ, ಮಾತು ಸುಳ್ಳಲ್ಲ. ಗ್ಯಾಸ್ ಸಿಲಿಂಡರನ್ನು ನೆಂಟರು ಬರುವ ದಿನಕ್ಕೆಂದು ಮೂಲೆಯಲ್ಲಿಟ್ಟು ಸೌದೆಯಲ್ಲೇ ಬೇಯಿಸುವ ಮನೆಗಳವರು, ಚಹಾದಂಗಡಿಯವರು, ಕೂಲಿಯವರಿಗೆ ಊಟ ಹಾಕುವ ಸಣ್ಣ ಹೋಟೆಲಿನವರು, ಎಲ್ಲರೂ ಮಣ್ಣಿನ ಒಲೆಗೆ ಅವಳ ಬಾಗಿಲಿಗೇ ಬರುತ್ತಿದ್ದರು. ಮಣ್ಣಿಗೆ ಹೊಟ್ಟು ಬೆರೆಸಿ, ಕಾಲಲ್ಲಿ ತುಳಿದು ತುಳಿದು ಹದ ಮಾಡಿ, ಅಂಗೈಯಲ್ಲೇ ಒಲೆಯ ಬಾಯಿ ತಿದ್ದಿ, ಪಾತ್ರೆ ಕೂರುವ ಮೂರು ಗುಂಡುಗಳನ್ನು ಅವಳು ಇಡುವುದನ್ನು ನೋಡಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಒಲೆಯಕ್ಕನಿಗೆ ಒಲೆ ಮುದ್ದು. ಗಂಡ ಹೋದ ಮೇಲೆ ಒಬ್ಬ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದೂ ಆ ಒಲೆಗಳೇ.

ಗುಟ್ಟು ಇದ್ದದ್ದು ಕೊನೆಯ ನಾಲ್ಕು ದಿನಗಳಲ್ಲಿ. ನೆರಳಲ್ಲಿ ಒಣಗಿದ ಒಲೆಗಳನ್ನು ಅವಳು ಒಳಕೋಣೆಯಲ್ಲಿ ಸಾಲಾಗಿ ಇಟ್ಟು, ಒಂದೊಂದರೊಳಗೂ ಎರಡು ಬೊಗಸೆ ಹೊಟ್ಟು ಸುರಿದು, ಮೇಲೆ ಒಂದು ಕೆಂಡ ಇಡುತ್ತಿದ್ದಳು. ಹೊಟ್ಟು ಭಗ್ಗೆಂದು ಉರಿಯಬಾರದು, ಆರಲೂಬಾರದು. ಒಂದೇ ಸಮನೆ ಹೊಗೆಯಾಡುತ್ತಿರಬೇಕು. ಗಾಳಿ ಸೋಕಿದರೆ ಒಲೆ ಸೀಳುತ್ತದೆ ಎಂದು ಬಾಗಿಲು ಮುಚ್ಚಿ, ಕಿಟಕಿಗೆ ಗೋಣಿಚೀಲ ತುರುಕಿ, ಒಳಗೆ ಒಬ್ಬರು ಕೂತು ಕಡ್ಡಿಯಿಂದ ಹೊಟ್ಟು ಕೆದಕುತ್ತಿರಬೇಕು. ಇದಕ್ಕೆ ಆ ಮನೆಯಲ್ಲಿ ಹೊಟ್ಟು ಕಾಯುವುದು ಎನ್ನುತ್ತಿದ್ದರು. ಮೈ ನೋಯದ, ಕೂತು ಮಾಡುವ ಕೆಲಸ.

ಸೊಸೆ ಮೊದಲ ಸಲ ಬಸುರಿಯಾದಾಗ ಒಲೆಯಕ್ಕ ಅವಳಿಗೆ ಆ ಕೆಲಸ ಕೊಟ್ಟದ್ದು ಪ್ರೀತಿಯಿಂದ. ತಾನು ಬಸುರಿಯಾಗಿದ್ದಾಗ ನೀರು ಹೊತ್ತದ್ದು, ಮಣ್ಣು ತುಳಿದದ್ದು, ನಡುವೆ ಬಿಡುವಾದಾಗಲೆಲ್ಲ ಹೊಟ್ಟು ಕಾದದ್ದು ಅವಳಿಗೆ ಮರೆತಿರಲಿಲ್ಲ. “ನನ್ನ ಸೊಸೆ ಒಂದು ಕೊಡ ಎತ್ತಬಾರದು, ಹೇಳಿದೀನಿ” ಎಂದು ಮಗನಿಗೆ ತಾಕೀತು ಮಾಡಿದಳು. ಮಗ ಕೈಗಾಡಿಯಲ್ಲಿ ಒಲೆಗಳನ್ನು ಸಾಗಿಸಿ ಬಂದು ನೀರು ತುಂಬಿದ, ಅತ್ತೆ ಮಣ್ಣು ತುಳಿದಳು, ಸೊಸೆ ಚಾಪೆ ಹಾಸಿಕೊಂಡು ಒಳಗೆ ಬೆಚ್ಚಗೆ ಕೂತಳು. ಅಕ್ಕಪಕ್ಕದ ಸೊಸೆಯರು “ಅತ್ತೆ ಅಂದ್ರೆ ಇಂಥೋರು ಸಿಗಬೇಕು ಕಣೇ” ಎಂದು ಹೊಟ್ಟೆಕಿಚ್ಚು ಪಟ್ಟರು.

ದಿನ ತುಂಬಿಯೇ ಹುಟ್ಟಿದ ಆ ಹೆಣ್ಣುಮಗು ತೂಗಿದ್ದು ಒಂದು ಕಿಲೋ ಎಂಟುನೂರು ಗ್ರಾಂ. ಹಾಲು ಚೀಪುವಷ್ಟು ಕಸುವೂ ಅದಕ್ಕಿರಲಿಲ್ಲ. ಹತ್ತೊಂಬತ್ತನೆಯ ದಿನ ಹೋಯಿತು.

ದುಃಖಕ್ಕೆ ಒಂದು ಕಾರಣ ಬೇಕಿತ್ತು. ಒಲೆಯಕ್ಕನ ಬಾಯಿಗೆ ಸಿಕ್ಕಿದ್ದು ಸೊಸೆಯ ತಟ್ಟೆ. “ಹಕ್ಕಿ ಥರ ಕುಕ್ಕಿ ತಿಂದ್ರೆ ಹೊಟ್ಟೇಲಿರೋದು ಹೇಗೆ ಬೆಳೆಯುತ್ತೆ? ಸರಿಯಾಗಿ ಉಂಡಿದ್ರೆ ಮಗು ಉಳೀತಿತ್ತು” ಎಂದಳು. ಒಂದು ಸಲ ಅಂದು ಸುಮ್ಮನಾಗಿದ್ದರೆ ಸಂಕಟಕ್ಕೆ ಆಡಿದ ಮಾತು ಎಂದು ಬಿಡಬಹುದಿತ್ತು. ಎರಡು ವರ್ಷ, ಊಟಕ್ಕೆ ಕೂತಾಗಲೆಲ್ಲ ಏನಾದರೊಂದು ನೆಪದಲ್ಲಿ ಅದೇ ಮಾತು ಬಂತು. ಸೊಸೆ ಎದುರು ಮಾತಾಡಲಿಲ್ಲ. ನಂಬಿಬಿಟ್ಟಳು. ಒಲೆಯಕ್ಕನ ಮಿಕ್ಕ ತಪ್ಪುಗಳನ್ನೆಲ್ಲ ಕ್ಷಮಿಸಬಹುದು, ಇದೊಂದನ್ನು ಕ್ಷಮಿಸುವುದು ಕಷ್ಟ.

ಎರಡನೆಯ ಸಲ ಬಸುರಿಯಾದಾಗ ಸೊಸೆ ತಿಂದಳು. ಹಸಿವಿದ್ದರೂ ತಿಂದಳು, ಇಲ್ಲದಿದ್ದರೂ ತಿಂದಳು. ಅತ್ತೆ “ಇದು ಮಗೂಗೆ” ಎಂದು ಇನ್ನೊಂದು ಸೌಟು ಬಡಿಸಿದರೆ ಕಣ್ಣು ಮುಚ್ಚಿ ನುಂಗಿ, ಹಿತ್ತಲಿಗೆ ಓಡಿ ಕಕ್ಕಿ, ಬಾಯಿ ತೊಳೆದು ಬಂದು ಮತ್ತೆ ತಟ್ಟೆಯ ಮುಂದೆ ಕೂರುತ್ತಿದ್ದಳು. ಈ ಸಲ ಅವಳಿಗೆ ಕಸ ಗುಡಿಸುವ ಕೆಲಸವೂ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹೊಟ್ಟು ಕಾಯುವುದೊಂದೇ. ಈ ಮಗುವನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ಪಣ ತೊಟ್ಟ ಮನೆಯವರು ಅವಳನ್ನು ಹೊಗೆಯೊಳಗೆ ಇನ್ನೂ ಹೆಚ್ಚು ಹೊತ್ತು ಕೂರಿಸಿದ್ದರು.

ಆರನೆಯ ತಿಂಗಳಲ್ಲಿ, ಆಸ್ಪತ್ರೆಯಿಂದ ಮನೆ ಮನೆಗೆ ಬರುವ ನರ್ಸಮ್ಮ ಬಂದಳು. ಟೇಪಿನಿಂದ ಹೊಟ್ಟೆ ಅಳೆದಳು, ಚೀಟಿ ನೋಡಿದಳು, ಮತ್ತೆ ಅಳೆದಳು. ಮಗು ತಿಂಗಳಿಗೆ ತಕ್ಕ ಹಾಗೆ ಬೆಳೆದಿರಲಿಲ್ಲ.

“ಊಟ ಸರಿಯಾಗಿ ಮಾಡ್ತೀಯೇನಮ್ಮ?”

“ಹೊಟ್ಟೆ ಬಿರಿಯೋ ಹಾಗೆ ಮಾಡ್ತೀನಿ ಸಿಸ್ಟರ್” ಎಂದ ಸೊಸೆಯ ಕಣ್ಣು ತುಂಬಿಬಂತು.

“ಭಾರ ಏನಾದ್ರೂ ಎತ್ತುತ್ತೀಯಾ?”

“ಹುಲ್ಲುಕಡ್ಡಿ ಎತ್ತೋಕೂ ನಾನು ಬಿಡಲ್ಲ” ಎಂದಳು ಒಲೆಯಕ್ಕ. “ಕೂತು ಮಾಡೋ ಕೆಲಸ ಅವಳದ್ದು. ಬನ್ನಿ, ತೋರಿಸ್ತೀನಿ.” ಹೆಮ್ಮೆಯಿಂದಲೇ ಒಳಕೋಣೆಯ ಬಾಗಿಲು ತೆಗೆದಳು.

ಎರಡು ಹೆಜ್ಜೆ ಒಳಗಿಟ್ಟ ನರ್ಸಮ್ಮ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಹಿಂದಕ್ಕೆ ಬಂದಳು. ಉಸಿರು ಹಿಡಿತಕ್ಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. “ಈ ಹೊಗೆ ಇವಳೊಬ್ಬಳೇ ಕುಡೀತಿಲ್ಲ ಅಮ್ಮ. ಇವಳ ರಕ್ತಕ್ಕೆ ಸೇರಿದ್ದು ಮಗೂಗೂ ಮುಟ್ಟುತ್ತೆ. ಮಗೂಗೆ ಸಿಗಬೇಕಾದ ಪ್ರಾಣವಾಯು ಕಡಿಮೆಯಾಗುತ್ತೆ, ತೂಕ ಹತ್ತಲ್ಲ. ಹೊಗೆ ಒಂದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಅದೂ ಒಂದು ಕಾರಣ. ಇವತ್ತೇ ನಿಲ್ಲಿಸಬಹುದಾದ ಕಾರಣ.”

ಒಲೆಯಕ್ಕನ ಮುಖ ಕೆಂಪೇರಿತು. “ನಾವೆಲ್ಲ ಹೊಗೇಲೇ ಹುಟ್ಟಿ ಹೊಗೇಲೇ ಬೆಳೆದೋರು. ಒಲೆ ವಿಷಯ ನೀವು ನನಗೆ ಹೇಳಿಕೊಡಬೇಡಿ” ಎಂದು ಬಾಗಿಲು ಎಳೆದುಕೊಂಡಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಅವಳು. ನರ್ಸಮ್ಮ ವಾದಕ್ಕಿಳಿಯಲಿಲ್ಲ. ಹದಿನೈದು ದಿನ ಬಿಟ್ಟು ಬರುತ್ತೇನೆ ಎಂದು ಹೋದಳು.

ಅಷ್ಟು ಸಿಟ್ಟಿಗೆ ಕಾರಣ ನರ್ಸಮ್ಮ ಅಲ್ಲ. ಮಗನಿಗಿಂತ ಮೊದಲು ಒಲೆಯಕ್ಕನೂ ಒಂದು ಹೆಣ್ಣುಮಗುವನ್ನು ಹೆತ್ತಿದ್ದಳು. ಅಂಗೈಯಗಲದ ಕೂಸು. ಯಾರೂ ಅದನ್ನು ತೂಗಲಿಲ್ಲ, ಮೂರು ದಿನ ಇತ್ತು ಅಷ್ಟೆ. “ನಿನ್ನ ಹೊಟ್ಟೆಯೇ ಸರಿಯಿಲ್ಲ” ಎಂದಿದ್ದಳು ಅವಳ ಅತ್ತೆ. ಮಗ ಹೊಟ್ಟೆಯಲ್ಲಿದ್ದಾಗ ಮಾತ್ರ ಅವಳು ಜಗಳವಾಡಿಕೊಂಡು ತವರಿಗೆ ಹೋಗಿ ಹೆರಿಗೆಯವರೆಗೂ ಅಲ್ಲೇ ಇದ್ದುಬಿಟ್ಟಿದ್ದಳು. ತವರಿನಲ್ಲಿ ಒಲೆ ಇದ್ದದ್ದು ಅಂಗಳದಲ್ಲಿ. ಮಗ ಗುಂಡುಕಲ್ಲಿನ ಹಾಗೆ ಹುಟ್ಟಿದ. ತವರೂಟದ ಗುಣ ಎಂದುಕೊಂಡೇ ಇಷ್ಟು ವರ್ಷ ಕಳೆದಿದ್ದಳು. ನರ್ಸಮ್ಮನ ಮಾತು ನಿಜವಾದರೆ ಒಂದಲ್ಲ, ಎರಡು ಕೂಸುಗಳ ಸಾವಿಗೆ ಬೇರೆಯೇ ಕಾರಣ ಹೇಳಬೇಕಾಗುತ್ತಿತ್ತು. ಅದನ್ನು ಎದುರಿಸುವ ಎದೆಗಾರಿಕೆ ಆ ಗಟ್ಟಿಗಿತ್ತಿಗೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಸೊಸೆಯನ್ನು ಮಲಗಿರಲು ಹೇಳಿ, “ನಾನೇ ಕೂತ್ಕೋತೀನಿ, ಅದೇನಾಗುತ್ತೋ ನೋಡೇ ಬಿಡ್ತೀನಿ” ಎಂದು ಒಳಗೆ ಹೋದಳು. ಸೊಸೆ ಬಂದ ಮೇಲೆ, ನಾಲ್ಕು ವರ್ಷಗಳಿಂದ, ಅವಳು ಆ ಕೋಣೆಯಲ್ಲಿ ಒಂದು ದಿನವೂ ಪೂರ್ತಿ ಕೂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯತೊಡಗಿತು, ಎದೆಯ ಮೇಲೆ ಕಲ್ಲು ಹೇರಿದ ಹಾಗಾಯಿತು. ಆದರೂ ಹಟ. ಕೊನೆಗೆ ತಡೆಯಲಾರದೆ ಗಾಳಿಗಾಗಿ ಬಾಗಿಲ ಕಡೆ ತೆವಳಿದಾಗ ಗೋಡೆ ಕಣ್ಣಿಗೆ ಬಿತ್ತು.

ಕೋಣೆಯ ನಾಲ್ಕೂ ಗೋಡೆಗಳು ಮಸಿ ಹಿಡಿದು ಕರ್ರಗಾಗಿದ್ದವು. ಬಾಗಿಲ ಪಕ್ಕದಲ್ಲಿ ಒಂದು ಕಡೆ ಮಾತ್ರ ಮಸಿ ಅಳಿಸಿಹೋಗಿ ಮಣ್ಣಿನ ಬಣ್ಣ ಕಾಣುತ್ತಿತ್ತು. ಒಲೆಯಕ್ಕ ಅಲ್ಲಿ ಒರಗಿ ಕೂತು ನೋಡಿದಳು. ತಲೆಗೆ ತಲೆ, ಹೆಗಲಿಗೆ ಹೆಗಲು ಸರಿಯಾಗಿ ಹೊಂದಿತು, ಮೂಗು ಬಾಗಿಲ ಸಂದಿಗೆ ಬಂತು. ಸಂದಿಯಿಂದ ಒಂದು ಎಳೆ ತಣ್ಣನೆಯ ಗಾಳಿ ಬರುತ್ತಿತ್ತು. ಆ ಹುಡುಗಿ ದಿನವಿಡೀ ಇಲ್ಲಿ ಮುಖ ಒತ್ತಿಕೊಂಡು ಕೂತು ಉಸಿರಾಡಿದ್ದಳು.

ಹೊರಗೆ ಬಂದವಳೇ ಸೊಸೆಯ ಪಕ್ಕದಲ್ಲಿ ಕುಸಿದು ಕೂತಳು. “ಯಾಕೇ ಹೇಳ್ಲಿಲ್ಲ ನನಗೆ?”

“ನೀವು ಅಕ್ಕರೆಯಿಂದ ಕೊಟ್ಟ ಕೆಲಸ ಅತ್ತೆ. ಆಗಲ್ಲ ಅಂತ ಹೇಗೆ ಹೇಳಲಿ? ಬೇರೆ ಮನೇಲಿ ನನ್ನಂಥೋರು ಕೊಡ ಹೊರ್ತಿದ್ದಾರೆ.”

ಒಲೆಯಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

ಅವತ್ತು ಸಂಜೆಯೇ ಒಲೆಗಳೆಲ್ಲ ಹಿತ್ತಲಿನ ತುದಿಗೆ, ಎರಡು ತಗಡುಗಳ ಅಡಿಗೆ ಹೋದವು. ಕಿಟಕಿಯ ಗೋಣಿಚೀಲ ಕಿತ್ತು ಬಂತು. ಮನೆಯ ಅಡುಗೆ ಒಲೆಯನ್ನೂ ಹೊರಗೆ ಸಾಗಿಸಿ, ಅದರ ಮುಂದೆ ಮಗನನ್ನು ಕೂರಿಸಿದಳು. ಅವನು ಮೊದಲ ವಾರ ಬೇಯಿಸಿದ್ದನ್ನು ಬೀದಿಯ ನಾಯಿಯೂ ಮೂಸಿ ನೋಡಿ ಮುಂದೆ ಹೋಯಿತು. ಹದಿನೈದು ದಿನ ಬಿಟ್ಟು ಬಂದ ನರ್ಸಮ್ಮನಿಗೆ ಒಲೆಯಕ್ಕ ತಪ್ಪಾಯಿತು ಎನ್ನಲಿಲ್ಲ. ಕುರ್ಚಿ ಹಾಕಿ, ಚಹಾ ಕೊಟ್ಟು, ಖಾಲಿ ಕೋಣೆಯ ಬಾಗಿಲನ್ನು ಹಾರುಹೊಡೆದು ತೋರಿಸಿದಳು. ನರ್ಸಮ್ಮನಿಗೆ ಅಷ್ಟೇ ಸಾಕಾಯಿತು.

ಆದರೆ ಒಲೆಗಳು ಕೇಳಬೇಕಲ್ಲ. ಹಿತ್ತಲಿನ ಗಾಳಿಗೆ ಹನ್ನೊಂದರಲ್ಲಿ ಐದು ಸೀಳಿದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂವತ್ತು ವರ್ಷದ ಹೆಸರು ಒಂದು ತಿಂಗಳಲ್ಲಿ ಮಣ್ಣುಪಾಲಾಯಿತು. ಚಹಾದಂಗಡಿಯವನು ಒಡೆದ ಒಲೆಯನ್ನು ಹೊತ್ತು ತಂದು ಬಾಗಿಲಲ್ಲಿ ಇಳಿಸಿದ.

“ಏನು ಒಲೆಯಕ್ಕ, ಕೈಗುಣ ಹೊರಟುಹೋಯ್ತಾ?”

“ಕೈಗುಣ ಇದೆ ಕಣಪ್ಪ. ಬಸುರಿ ಹೆಂಗಸಿನ ಉಸಿರು ಹಾಕಿ ಒಲೆ ಗಟ್ಟಿ ಮಾಡ್ತಿದ್ದೆ, ಈಗ ಹಾಕಲ್ಲ. ಬಿರುಕಿಗೆ ಮಣ್ಣು ಮೆತ್ತಿ ಕೊಡ್ತೀನಿ, ಬೇಕಾದ್ರೆ ತಗೋ. ಮತ್ತೆ ನಿನ್ನ ಹೆಂಡತಿಗೂ ಏಳು ತಿಂಗಳಲ್ವಾ? ಒಲೆ ಅಂಗಡಿ ಹೊರಗಿಡು.”

ಒದ್ದೆ ಗೋಣಿ ಹೊದಿಸಿದರೆ ಬಿರುಕು ಕಡಿಮೆ ಎಂದು ನಿಧಾನವಾಗಿ ಕಂಡುಕೊಂಡಳು. ಆದರೂ ಹತ್ತಕ್ಕೆ ಎರಡು ಸೀಳುತ್ತಲೇ ಇದ್ದವು. ಒಲೆ ಕೊಳ್ಳಲು ಬಂದವರಿಗೆಲ್ಲ ಹೊಗೆಯ ವಿಷಯ ಹೇಳಿದಳು, ಕೇಳದವರನ್ನು ಬೈದು ಹೇಳಿದಳು. ಸೊಸೆಗೆ ಹೇಳಬೇಕಾಗಿದ್ದ ಒಂದು ಮಾತು ಮಾತ್ರ ನಾಳೆ ನಾಳೆ ಎಂದು ಮುಂದಕ್ಕೆ ಹೋಗುತ್ತಿತ್ತು. ಸೊಸೆಯೂ ತಟ್ಟೆಯ ಮುಂದೆ ಕಣ್ಣು ಮುಚ್ಚಿ ನುಂಗುವುದನ್ನು ಬಿಡಲಿಲ್ಲ.

ದಿನ ತುಂಬಿತು. ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಹೆಣ್ಣು. ನರ್ಸಮ್ಮ ಕೂಸನ್ನು ತಕ್ಕಡಿಯ ಮೇಲೆ ಮಲಗಿಸಿದಾಗ ಒಲೆಯಕ್ಕ ಪಕ್ಕದಲ್ಲೇ ಬಗ್ಗಿ ನಿಂತಿದ್ದಳು.

“ಎರಡು ಕಿಲೋ ನಾನೂರು” ಎಂದಳು ನರ್ಸಮ್ಮ. “ಎರಡೂವರೆ ಆಗಿದ್ರೆ ಇನ್ನೂ ನೆಮ್ಮದಿ ಇರ್ತಿತ್ತು. ನೂರು ಗ್ರಾಂ ಕಡಿಮೆ. ಪರವಾಗಿಲ್ಲ, ಚೆನ್ನಾಗಿ ಅಳ್ತಾ ಇದ್ದಾಳೆ, ಎದೆಗೆ ಹಚ್ಚಿದ ಕೂಡಲೇ ಚೀಪಿದಳು. ಎದೆಗೆ ಒತ್ತಿ ಬೆಚ್ಚಗೆ ಇಟ್ಕೊಳ್ಳಿ. ಉಳಿಯೋ ಮಗು ಅಮ್ಮ ಇದು.”

ಒಲೆಯಕ್ಕ ಸೊಸೆಯ ಮಂಚದ ಅಂಚಿಗೆ ಕೂತು ಕಣ್ಣೊರೆಸಿಕೊಂಡಳು. ಆಗ ಸೊಸೆ ಮೆಲ್ಲಗೆ ಅಂದಳು:

“ನಾನು ಇನ್ನೂ ಸ್ವಲ್ಪ ತಿನ್ನಬೇಕಿತ್ತು ಅತ್ತೆ.”

ಒಲೆಯಕ್ಕನಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ಸೊಸೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಬೇಡ ಕಣೇ, ಹಾಗನ್ನಬೇಡ. ಮೊದಲನೇದು ಹೋಗಿದ್ದು ನೀನು ಉಣ್ಣಲಿಲ್ಲ ಅಂತ ಅಲ್ಲ. ನಿನ್ನ ಹೊಗೇಲಿ ಕೂರಿಸಿದ್ದು ನಾನು. ಕೂರಿಸಿದ್ದೂ ಅಲ್ಲದೆ ಎರಡು ವರ್ಷ ನಿನ್ನ ತಟ್ಟೆ ನೋಡಿ ಬೈದೆ. ಹೊಗೆ ಒಂದೇ ಕಾರಣ ಅಲ್ಲದೇ ಇರಬಹುದು, ಸಿಸ್ಟರ್‌ಗೇ ಗೊತ್ತಿಲ್ಲ, ನನಗೇನು ಗೊತ್ತು. ಆದ್ರೆ ನಿನ್ನ ತಪ್ಪಲ್ಲ.”

ಸೊಸೆ ಕೂಸಿನಿಂದ ಕಣ್ಣು ಕಿತ್ತು ಅತ್ತೆಯ ಮುಖ ನೋಡಿದಳು.

“ನನ್ನಿಂದ ಅಲ್ವಾ?”

“ನಿನ್ನಿಂದ ಅಲ್ಲ.”

“ಇನ್ನೊಂದ್ಸಲ ಹೇಳಿ ಅತ್ತೆ.”

ಒಲೆಯಕ್ಕ ಇನ್ನೊಂದು ಸಲ ಹೇಳಿದಳು. ಸೊಸೆ ಬಿಕ್ಕಿ ಬಿಕ್ಕಿ ಅಳುತ್ತ ಮತ್ತೆ ಕೇಳಿದಳು, ಅವಳು ಮತ್ತೆ ಹೇಳಿದಳು. ಎರಡು ವರ್ಷ ಆಡಿದ ಮಾತನ್ನು ಅಳಿಸಲು ಎಷ್ಟು ಸಲ ಹೇಳಬೇಕೋ ಅವಳಿಗೂ ಗೊತ್ತಿರಲಿಲ್ಲ. ಅದಕ್ಕೇ ಹೇಳುತ್ತಲೇ ಇದ್ದಳು.