ಜಂಕ್‌ಗೆ ಬಿದ್ದ ಮೆಣಸು

ಲಾಟರಿ, ಬಹುಮಾನ ಎಂದು ಬರುವ ಇಮೇಲ್‌ಗಳ ಕಾಟ ತಾಳದೆ, ‘ಅರ್ಜೆಂಟ್’ ಎಂದು ಬರೆದದ್ದೆಲ್ಲ ನೇರ ಜಂಕ್‌ಗೆ ಹೋಗುವಂತೆ ಮಾಡಿಟ್ಟಿದ್ದೆ. ವಾರ ಬಿಟ್ಟು ಶ್ರೀಮಂಗಲಕ್ಕೆ ಮೆಣಸು ಕೊಳ್ಳಲು ಹೋದರೆ, ಇಪ್ಪತ್ತು ವರ್ಷದಿಂದ ನನಗೇ ಮಾಲು ಕೊಡುತ್ತಿದ್ದ ಬೆಳೆಗಾರರೊಬ್ಬರ ಗೋದಾಮು ಖಾಲಿ.

“ಅರ್ಜೆಂಟ್ ಅಂತ ಮೇಲ್ ಹಾಕಿದ್ದೆನಲ್ಲ ಸಾವ್ಕಾರ್ರೇ! ನಾಲ್ಕು ದಿನ ಕಾದೆ. ಮಳೆ ಬರೋ ಹಾಗಿತ್ತು, ಬೇರೆಯವರಿಗೆ ಕೊಟ್ಟೆ.”

ಮೊಬೈಲಿನಲ್ಲಿ ಜಂಕ್ ತೆರೆದು ತೋರಿಸಿದೆ. ಲಾಟರಿಯವರ ನಡುವೆ ಅವರ ಹೆಸರಿತ್ತು.

“ನನ್ನ ಮೆಣಸನ್ನ ಹಿಡಿ ಹಿಡಿಯಾಗಿ ಊದಿ ನೋಡೋರು, ನನ್ನನ್ನ ಊದದೇನೇ ಜೊಳ್ಳು ಅಂತ ಎಸೆದ್ರಾ?” ಎಂದರು.

ಅವರು ಕೊಟ್ಟ ಕಾಫಿ ಕುಡಿದು ಖಾಲಿ ಜೀಪಿನಲ್ಲಿ ಮರಳಿದೆ.

ಈಗ ಬೆಳಿಗ್ಗೆ ಮೊದಲು ಜಂಕನ್ನೇ ಓದುತ್ತೇನೆ. ಮೋಸಗಾರನಿಗೂ ಅವಸರ, ಮಾಲಿರುವವನಿಗೂ ಅವಸರ. ಸಮಾಧಾನವಾಗಿ ಬರೆಯುವವರ ಹತ್ತಿರ ಸಾಮಾನ್ಯವಾಗಿ ಮಾರಲು ಏನೂ ಇರುವುದಿಲ್ಲ.