ಸೂಪಿಗೆಂದು ಬಂದ ಹುಂಜ

ಹುಂಜದ ಬಲಗಾಲಿನ ನಡುಬೆರಳ ಉಗುರು ಅರ್ಧಕ್ಕೆ ಸವೆದಿತ್ತು. ದೊಡ್ಡಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಮ್ಮನಿಗೂ ನನಗೂ ತೋರಿಸಿದರು.

"ನೋಡು, ಮಣ್ಣು ಕೆದಕಿದ ಉಗುರು. ಇದು ಊರ ಕೋಳಿ. ಮಾರ್ಕೆಟಿನ ಗೂಡಿನಲ್ಲಿ ಕೂತು ಕೊಬ್ಬಿದ್ದಲ್ಲ."

ನನಗೆ ಟೈಫಾಯ್ಡ್ ಬಂದು ಆಗಷ್ಟೇ ಬಿಟ್ಟಿತ್ತು. ಎಂ.ಎ. ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ, ಬೈಕುಲ್ಲಾದ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವುದು, ಮರುದಿನವೇ ಶುರುವಾಗಬೇಕಿತ್ತು. ಒಮ್ಮೆ ಮುಂದೂಡಿಸಿಕೊಂಡಿದ್ದೆ, ಇನ್ನೊಮ್ಮೆ ಕೇಳಿದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಪ್ರಿನ್ಸಿಪಾಲರು ಮೆತ್ತಗೆ ಹೇಳಿದ್ದರು. ಡಾಕ್ಟರು ಹೋಗಬಹುದು ಎಂದಿದ್ದರು. ಅಮ್ಮ ಎಂದಿರಲಿಲ್ಲ. ಊರ ಕೋಳಿಯ ಸೂಪು ಹೊಟ್ಟೆಗೆ ಬೀಳದೆ ಮಗಳು ಲೋಕಲ್ ಟ್ರೈನು ಹತ್ತುವಂತಿಲ್ಲ. ಹಾಗಾಗಿ ದೊಡ್ಡಮ್ಮ ಮುಲುಂಡಿನ ತಮ್ಮ ಹಿತ್ತಿಲ ಹುಂಜವನ್ನು ಚೀಲದಲ್ಲಿ ಅಡಗಿಸಿ ಮಾಟುಂಗದ ನಮ್ಮ ಮನೆಗೆ ತಂದಿದ್ದರು.

"ಹುಳ, ಹುಲ್ಲು, ಕಾಳು, ಎಲ್ಲ ತಾನೇ ಹುಡುಕಿ ತಿಂದದ್ದು. ಮೈಯಲ್ಲಿ ಕೊಬ್ಬಿಲ್ಲ, ಎಲುಬಿನಲ್ಲಿ ಸತ್ವ ಉಂಟು. ಓಡಿದ ಕೋಳಿ ತಿಂದರೆ ನಿನ್ನ ಕಾಲೂ ಓಡ್ತದೆ. ಕೂತ ಕೋಳಿ ತಿಂದರೆ ನೀನೂ ಕೂತೇ ಇರ್ತಿ, ಮಾರಾಯ್ತಿ."

"ಕೂತೂ ಪಾಠ ಮಾಡಬಹುದಲ್ಲ," ಎಂದೆ.

"ಬಾಯಿಗೊಂದು ನಿಶ್ಶಕ್ತಿ ಇಲ್ಲ ಇವಳಿಗೆ."

ದೊಡ್ಡಮ್ಮನ ತರ್ಕ ದುರ್ಬಲ. ಆದರೆ ಕಾಳುಮೆಣಸು ಹಾಕಿ ಸಣ್ಣ ಉರಿಯಲ್ಲಿ ಕುದಿಸಿದ ಆ ಸೂಪು ಕುಡಿದರೆ ಬೆವರೊಡೆದು ಹಸಿವು ಮರಳುವುದು ನನಗೂ ಗೊತ್ತಿತ್ತು.

ನಮ್ಮ ಬಿಲ್ಡಿಂಗಿನಲ್ಲಿ ನಾವು ಬಿಟ್ಟರೆ ಎಲ್ಲರೂ ಸಸ್ಯಾಹಾರಿಗಳು. ಮೀನು ಹುರಿಯುವಾಗ ಅಮ್ಮ ಕಿಟಕಿ ಮುಚ್ಚಿ ಊದುಬತ್ತಿ ಹಚ್ಚುತ್ತಿದ್ದಳು. ಊದುಬತ್ತಿ ಪರಿಮಳಿಸಿದರೆ ನಮ್ಮಲ್ಲಿ ಮೀನು ಎಂದು ಇಡೀ ಮಹಡಿಗೆ ತಿಳಿಯುತ್ತಿತ್ತು. ಜೀವಂತ ಹುಂಜಕ್ಕೆ ಮಾತ್ರ ಅಂಥ ಉಪಾಯವಿರಲಿಲ್ಲ. ಬಾಗಿಲಿಗೆ ಅಗಳಿ ಹಾಕಲು ದೊಡ್ಡಮ್ಮ ಮರೆತಿದ್ದರು. ಪಕ್ಕದ ಮನೆಯ ಮೈಸೂರಿನಮ್ಮ ಹೆಪ್ಪಿಗೆ ಮೊಸರು ಕೇಳಲು ನೇರ ಒಳಗೆ ಬಂದರು. ದೊಡ್ಡಮ್ಮ ಕತ್ತಿಯನ್ನು ಸೆರಗಿನಡಿ ಸೇರಿಸಿದರು. ಹುಂಜವನ್ನು ಸೇರಿಸಲಾಗಲಿಲ್ಲ.

"ಏನ್ರೀ ಇದು?"

ಅಮ್ಮನ ಮುಖ ಬಿಳಿಚಿತು. "ಇದು... ನಮ್ಮ ದೈವದ್ದು. ಮಗಳ ಜ್ವರ ಬಿಟ್ಟದ್ದಕ್ಕೆ ಹರಕೆ. ಊರಿಗೆ ಕಳಿಸ್ಲಿಕ್ಕೆ ಉಂಟು."

ಮೈಸೂರಿನಮ್ಮ ಹುಂಜಕ್ಕೆ ಕೈಮುಗಿದರು. "ದೇವರ ಕಾರ್ಯ ಅನ್ನಿ," ಎಂದು ಮನೆಗೆ ಹೋಗಿ ಒಂದು ಹಿಡಿ ಅಕ್ಕಿ ತಂದು ಅದರ ಮುಂದೆ ಹಾಕಿದರು. ಅದು ತಿಂದಿತು. ಅವರು ತೃಪ್ತಿಯಿಂದ, ಮೊಸರು ಮರೆತು, ಹೊರಟರು.

ದೊಡ್ಡಮ್ಮ ಕತ್ತಿಯನ್ನು ಅಡುಗೆಮನೆಯಲ್ಲಿಟ್ಟು ಬಂದರು. "ಆಯ್ತು. ಇನ್ನು ಇದನ್ನು ಮುಟ್ಲಿಕ್ಕಿಲ್ಲ."

"ಹೆದರಿ ಹೇಳಿದ್ದು ಅಕ್ಕ. ಹರಕೆ ಎಲ್ಲಿ ಹೇಳಿಕೊಂಡಿದ್ದೆ ನಾನು?"

"ಹೆದರಿ ಹೇಳಿದ್ರೂ ಹೆಸರು ಹೇಳಿ ಆಯ್ತಲ್ಲ. ದೈವಕ್ಕೆ ಕಿವಿ ಇಲ್ವಾ?"

ನಮ್ಮಲ್ಲಿ ದೈವಕ್ಕೆಂದ ಕೋಳಿ ಮತ್ತೆ ನಮ್ಮ ಮಡಕೆಗೆ ಬರುವಂತಿಲ್ಲ. ಅಮ್ಮ ಕುಸಿದು ಕೂತಳು. "ಹಾಗಾದರೆ ಸೂಪಿಲ್ಲ. ಇವಳು ನಾಳೆ ಹೋಗುವುದೂ ಇಲ್ಲ."

"ಅಮ್ಮಾ, ಹರಕೆ ಯಾತಕ್ಕೆ?" ಎಂದು ಕೇಳಿದೆ.

"ನಿನಗೆ ಗುಣ ಆದದ್ದಕ್ಕೆ."

"ಗುಣ ಆಗಿದ್ದರೆ ಸೂಪು ಯಾಕೆ? ನಾಳೆ ಹೋಗುತ್ತೇನೆ. ಆಗಿಲ್ಲದಿದ್ದರೆ ಹರಕೆ ಇನ್ನೂ ಸಲ್ಲುವುದಿಲ್ಲ. ಹುಂಜವನ್ನು ಬೇಯಿಸು."

ಅಮ್ಮ ಹುಂಜದ ಕಡೆ ನೋಡಿದಳು. ಮಗಳಿಗೆ ಗುಣವಾಗಿಲ್ಲ ಎಂದು ಅದರೆದುರು ಹೇಳಲು ಅವಳಿಗೆ ಧೈರ್ಯ ಬರಲಿಲ್ಲ.

"ಇದನ್ನೇನಾ ನೀನು ಮಕ್ಕಳಿಗೆ ಕಲಿಸುವುದು?" ಎಂದಳು.

"ಹೌದು."

"ಪಾಪದ ಮಕ್ಕಳು," ಎಂದರು ದೊಡ್ಡಮ್ಮ.

ಮರುದಿನ ನಸುಕಿನಲ್ಲಿ ಹುಂಜ ಕೂಗಿ ಇಡೀ ಬಿಲ್ಡಿಂಗನ್ನು ಎಬ್ಬಿಸಿತು. ಮೆಟ್ಟಿಲ ಮೇಲೆ ಮೈಸೂರಿನಮ್ಮ ಯಾರಿಗೋ ಸಮಾಧಾನ ಹೇಳುತ್ತಿದ್ದರು: "ದೇವರದ್ದು ರೀ, ಹಾಗೆಲ್ಲ ಅನ್ನಬಾರದು." ನಾನು ಗಂಜಿ ಕುಡಿದು, ಗಂಜಿ ಹಾಕಿದ ಸೀರೆಯುಟ್ಟು, ಲೋಕಲ್ ಹತ್ತಿದೆ. ಕೂರಲು ಜಾಗವಿರಲಿಲ್ಲ, ಬೈಕುಲ್ಲಾ ತನಕ ಕಂಬಿ ಹಿಡಿದು ನಿಂತೆ. ಕ್ಲಾಸಿಗೆ ಹೋಗಿ, ಕುರ್ಚಿ ಎಳೆದುಕೊಂಡು, ಕೂತೇ ಪಾಠ ಶುರು ಮಾಡಿದೆ.